ಖಾಲಿ ಕ್ಯಾಸೆಟ್ಟಿನ ದನಿ

"ಈ ಪದಾನ ಹೀಗೆ ಹೇಳೋಕೆ ನಿಮಗೆ ಯಾರು ಕಲಿಸಿದ್ರು?"

ಬೋರ್ಡಿನ ಮೇಲೆ ಅರ್ಧ ಬರೆದ ಅಕ್ಷರ ಹಾಗೇ ಬಿಟ್ಟು ಮೇಷ್ಟ್ರು ಗಕ್ಕನೆ ತಿರುಗಿದ್ದರು. ಇಡೀ ತರಗತಿ ಅವಳನ್ನೇ ನೋಡಿತು. ಅವಳ ಕಿವಿ ಬಿಸಿಯಾಯಿತು. ಸ್ಪ್ಯಾನಿಷ್ ಕ್ಲಾಸಿಗೆ ಸೇರಿ ಇನ್ನೂ ಎರಡು ವಾರ, ಅಷ್ಟರಲ್ಲೇ ಏನು ಎಡವಟ್ಟು ಮಾಡಿಕೊಂಡೆ?

"ಮ್... ಯಾಮಾ ಅಂತ ಅಲ್ವಾ ಸರ್? ಜ್ವಾಲೆ ಅಂತಲೂ ಅರ್ಥ, ಕರೀತಾಳೆ ಅಂತಲೂ ಅರ್ಥ..."

"ಅರ್ಥ ಸರಿ. ಆದ್ರೆ ಪದಕ್ಕೆ ಮುಂಚೆ ಆ 'ಮ್' ಎಲ್ಲಿಂದ ಬಂತು?"

"ಹೆಡ್‌ಫೋನಲ್ಲಿ ಆ ಹೆಂಗಸು ಹಾಗೇ ಹೇಳ್ತಾರಲ್ಲ? ನೀವು ಒಂದು ಪದ ಹೇಳಿ, ನಾವು ಹೇಳಲಿ ಅಂತ ಜಾಗ ಬಿಡ್ತೀರಲ್ಲ, ಅಲ್ಲಿ."

ಮೇಷ್ಟ್ರ ಮುಖ ಬಿಳುಚಿಕೊಂಡಿತು. "ಆ ಕ್ಯಾಸೆಟ್‌ಗಳಲ್ಲಿ ನನ್ನ ದನಿ ಬಿಟ್ರೆ ಇನ್ಯಾರ ದನೀನೂ ಇಲ್ಲ," ಎಂದವರೇ ಪಾಠವನ್ನು ಅರ್ಧಕ್ಕೆ ನಿಲ್ಲಿಸಿ ಹೊರಟುಹೋದರು!

ಈಗ ಈ ಹುಡುಗಿ ಯಾರು ಅಂತ ಹೇಳಿಬಿಡುತ್ತೇನೆ. ಎಲ್ಲರೂ ಅವಳನ್ನು ಗೊಂಬೆ ಅಂತಲೇ ಕರೆಯುವುದು. ರೂಪಕ್ಕಲ್ಲ, ಕಸುಬಿಗೆ. ಬಟ್ಟೆ ಅಂಗಡಿಯ ಗಾಜಿನ ಹಿಂದೆ ಸೀರೆ, ಸೂಟು ತೊಟ್ಟು ನಿಲ್ಲುತ್ತವಲ್ಲ, ಆ ಆಳೆತ್ತರದ ಗೊಂಬೆಗಳನ್ನು ರಿಪೇರಿ ಮಾಡುವುದು ಅವಳ ಸೋದರಮಾವನ ಉದ್ಯೋಗ. ಮುರಿದ ಬೆರಳು ಅಂಟಿಸುವುದು, ಸವೆದ ಕಣ್ಣು ಬರೆಯುವುದು ಅವಳ ಪಾಲು. ಅಚ್ಚುಗಳು ಬರುತ್ತಿದ್ದುದು ಸ್ಪ್ಯಾನಿಷ್ ಮಾತಾಡುವ ವ್ಯಾಪಾರಿಯೊಬ್ಬನಿಂದ. ಅವನ ಜೊತೆ ಫೋನಿನಲ್ಲಿ ಕೂಗಾಡಿ ಮಾವನ ಗಂಟಲು ಕಟ್ಟಿತ್ತು. "ನೀನಾದ್ರೂ ಕಲಿಯೇ ಮಾರಾಯ್ತಿ," ಎಂದು ಅವರೇ ಸೇರಿಸಿದ್ದರು.

ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಬೆಳಗಿನ ತರಗತಿ. ಸಾಲಾಗಿ ಒಬ್ಬೊಬ್ಬರೇ ಕೂರುವ ಮರದ ಗೂಡುಗಳು, ಒಂದೊಂದರಲ್ಲೂ ಹಳೇ ಟೇಪ್ ರೆಕಾರ್ಡರ್. ಒಂದೇ ಪದಕ್ಕೆ ಎರಡು ಮೂರು ಅರ್ಥ ಇರುವಂಥವನ್ನೇ ಆರಿಸಿ ಕಲಿಸುವುದು ಮೇಷ್ಟ್ರ ಪದ್ಧತಿ. ಒಂದು ಪದ ಕಲಿತರೆ ಮೂರು ಕಲಿತ ಹಾಗೆ ಅಂತ ಅವರ ಲೆಕ್ಕ. 'ಗಾತೋ' ಎಂದರೆ ಬೆಕ್ಕು, ಕಾರು ಎತ್ತುವ ಜಾಕೂ ಹೌದು. 'ಎಸ್ಪೋಸಾಸ್' ಎಂದರೆ ಹೆಂಡತಿಯರು, ಕೈಕೋಳವೂ ಹೌದು.

"ಅದು ಎರಡು ಅರ್ಥ ಹೆಂಗಾಯ್ತು ಮೇಷ್ಟ್ರೇ? ಒಂದೇ ಅಲ್ವಾ!" ಎಂದು ನಿವೃತ್ತ ಬಸ್ ಡ್ರೈವರ್ ಕೇಳಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಮೇಷ್ಟ್ರು ಮಾತ್ರ ನಕ್ಕಿರಲಿಲ್ಲ.

ತಡವಾಗಿ ಸೇರಿದ್ದರಿಂದ ಗೊಂಬೆಗೆ ಸಿಕ್ಕಿದ್ದು ಮೂಲೆಯ ಗೂಡು. ಅಲ್ಲಿ ಯಾರೂ ಕೂರುತ್ತಿರಲಿಲ್ಲ. ಬಿಸಿಲಿರುವ ಬೆಳಿಗ್ಗೆಯೂ ಅಲ್ಲಿ ಮಾತ್ರ ಒಂಥರಾ ಕುಳಿರು...

ಮರುದಿನ ತರಗತಿ ಮುಗಿದ ಮೇಲೆ ಮೇಷ್ಟ್ರು ಅವಳನ್ನು ನಿಲ್ಲಿಸಿಕೊಂಡರು. ತಾವೇ ಆ ಗೂಡಿನಲ್ಲಿ ಕೂತು ಕ್ಯಾಸೆಟ್ ಪೂರ್ತಿ ಕೇಳಿದರು.

"ಏನೂ ಇಲ್ಲ. ಬರೀ ಜಾಗ ಖಾಲಿ ಇದೆ."

ಗೊಂಬೆ ಹೆಡ್‌ಫೋನ್ ತೊಟ್ಟಳು. ಮೇಷ್ಟ್ರ ದನಿ ಹೇಳಿತು: ಬೇಲಾ. ಮೋಂಬತ್ತಿ, ಹಡಗಿನ ಹಾಯಿ, ನಿದ್ದೆಗೆಟ್ಟು ಕಾಯುವುದು. ಆಮೇಲೆ ಖಾಲಿ ಜಾಗ. ಅಲ್ಲಿ, ಅವಳ ಬಲಗಿವಿಯ ಪಕ್ಕದಲ್ಲೇ ಬಾಯಿಟ್ಟ ಹಾಗೆ...

"ಮ್... ಬೇಲಾ."

ಅವಳು ಹೆಡ್‌ಫೋನ್ ಕಿತ್ತು ತೆಗೆದಳು. "ಈಗ ಹೇಳಿದ್ರು ಸರ್! ನಿಮಗೆ ಕೇಳಿಸಲಿಲ್ವಾ?"

ಮೇಷ್ಟ್ರು ಕ್ಯಾಸೆಟ್ ಹೊರತೆಗೆದು ಕೈಯಲ್ಲಿ ಹಿಡಿದರು.

"ನನ್ನ ಹೆಂಡತಿ. ಇಲ್ಲೇ ಕೂತು ಕಲಿತಿದ್ಲು. ಪ್ರತಿ ಪದಕ್ಕೂ ಮುಂಚೆ 'ಮ್' ಅನ್ನೋಳು. ಅವಳು ಹೋದ್ಮೇಲೆ ಉಳಿದಿದ್ದು ಈ ಕ್ಯಾಸೆಟ್‌ನಲ್ಲಿದ್ದ ಅವಳ ದನಿ ಒಂದೇ. ಹೊಸ ಬ್ಯಾಚಿಗೆ ಮುಂಚೆ ಖಾಲಿ ಜಾಗದಲ್ಲಿ ರೆಕಾರ್ಡ್ ಆಗಿರೋ ವಿದ್ಯಾರ್ಥಿಗಳ ದನಿ ಅಳಿಸೋದು ನಮ್ಮ ಪದ್ಧತಿ. ಎಲ್ಲದರ ಜೊತೆ ಅದನ್ನೂ ಅಳಿಸಿಬಿಟ್ಟೆ! ನನ್ನ ಕೈಯಾರೆ..."

ಅಯ್ಯೋ ಪಾಪ ಅನ್ನಿಸದೆ ಇರುತ್ತದೆಯೇ? ಗೊಂಬೆಯ ಕಣ್ಣು ತುಂಬಿತು. ಹೆದರಿಕೆ ಇತ್ತು, ಆದರೆ ಅದಕ್ಕಿಂತ ಕರುಳು ಚುರುಕ್ ಎಂದಿದ್ದೇ ಹೆಚ್ಚು.

ಅಂದಿನಿಂದ ಶುರುವಾಯಿತು. ದಿನಾ ತರಗತಿ ಮುಗಿದ ಮೇಲೆ ಮೇಷ್ಟ್ರು ಕೇಳುವರು, "ಇವತ್ತು ಏನಂದ್ಲು?"

"ಎಸ್ಪೆರಾರ್ ಅಂದ್ರು."

"ಕಾಯೋದು ಅಂತಾನಾ, ಆಸೆ ಇಟ್ಕೊಳ್ಳೋದು ಅಂತಾನಾ? ದನಿ ಹೇಗಿತ್ತು?"

ಮಾತು ಮೆಟ್ಟಿಲಿಳಿಯುವುದು, ಎದುರಿನ ಕಾಫಿ ಅಂಗಡಿಗೆ ಹೋಗುವುದು. ಅಲ್ಲಿಂದ ಗೊಂಬೆಗಳಿಗೆ, ಮಾವನ ಗೊರಕೆಗೆ, ಮೇಷ್ಟ್ರ ಒಗ್ಗರಣೆ ಸೀದುಹೋದ ಕಥೆಗೆ. ಒಂದು ದಿನ ಅವರು ಅವಳ ಕೈ ತೋರಿಸಿ, "ಮುನ್ಯೇಕಾ ಅಂದ್ರೆ ಗೊಂಬೆ. ಮಣಿಕಟ್ಟು ಅಂತಲೂ ಅರ್ಥ. ನಿಮ್ಮ ಮಣಿಕಟ್ಟಿಗೆ ಬಣ್ಣ ಅಂಟಿದೆ ನೋಡಿ," ಎಂದು ಕರವಸ್ತ್ರ ಚಾಚಿದರು. ಅವಳು ಆ ಕರವಸ್ತ್ರ ವಾಪಸ್ ಕೊಡಲೇ ಇಲ್ಲ. ಗೊತ್ತಾಯಿತಲ್ಲ, ವಿಷಯ ಎಲ್ಲಿಗೆ ಬಂತು ಅಂತ!

ಮಾವನಿಗೂ ಗೊತ್ತಾಯಿತು. ಗೊಂಬೆಯೊಂದರ ಬೋಳು ತಲೆ ಉಜ್ಜುತ್ತಾ ಅವರು ಕೇಳಿದರು, "ಅವರು ನಿನ್ನ ಜೊತೆ ಮಾತಾಡ್ತಾರೋ, ನಿನ್ನ ಮೂಲಕ ಮಾತಾಡ್ತಾರೋ?"

ಆ ಮಾತು ಅವಳ ಎದೆಗೆ ನಾಟಿತು. ಹೌದಲ್ಲ... ನಾನೇನು ಟೆಲಿಫೋನಾ? ದನಿ ನಿಂತರೆ ನನಗೂ ಅವರಿಗೂ ಏನಿದೆ?

ಅಸ್ತು ದೇವತೆ ಅಸ್ತು ಅಂದಿತೋ ಏನೋ, ಮಾರನೇ ಬೆಳಿಗ್ಗೆಯೇ ಅದು ಆಯಿತು. ಮೇಷ್ಟ್ರ ದನಿ ಪದ ಹೇಳಿತು. ಖಾಲಿ ಜಾಗ ಬಂತು. ಟೇಪು ಸುತ್ತುವ ಸರಸರ ಸದ್ದು ಕೂಡ ನಿಂತ ಹಾಗಾಯಿತು. ಕತ್ತಿನ ಹಿಂದೆ ತಣ್ಣನೆಯ ಉಸಿರು ತಾಗಿತು. ಮೊದಲ ಸಲ ಕನ್ನಡದಲ್ಲಿ, ಮೆತ್ತಗೆ...

"ಮ್... ಸಾಕು ಇನ್ನು."

ಅಷ್ಟೇ. ಮುಂದಿನ ಪದಕ್ಕೆ ಯಾರೂ ಇಲ್ಲ. ಅದರ ಮುಂದಿನದಕ್ಕೂ ಇಲ್ಲ. ಗೂಡಿನ ಕುಳಿರು ಕೂಡ ಹೋಗಿತ್ತು!

"ಇವತ್ತು ಏನಂದ್ಲು?" ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು.

ನಿಜ ಹೇಳಿದರೆ ನಾಳೆಯಿಂದ ಇವರು ಹೀಗೆ ನಿಲ್ಲುವುದಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು ಅವಳಿಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ.

"ಓಹಾ ಅಂದ್ರು. ಎಲೆ ಅಂತ."

ಮೇಷ್ಟ್ರು ಒಂದು ಕ್ಷಣ ಅವಳನ್ನೇ ನೋಡಿದರು. "ಸರಿ. ಕಾಫಿ ಕುಡಿಯೋಣ್ವಾ?"

ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಕೂಡುತ್ತಾ ಹೋಯಿತು. ಅವಳು ದಿನಕ್ಕೊಂದು ಪದ ಹುಟ್ಟಿಸಿ ಹೇಳುವಳು, ಅವರು ಕೇಳುವರು, ಕಾಫಿ ಬರುವುದು. ಆದರೆ ಅವಳ ಲೋಟ ಮುಟ್ಟದೆಯೇ ಆರುವುದು. ವರ್ಕ್‌ಶಾಪಿನಲ್ಲಿ ಸಾಲಾಗಿ ನಿಂತ ಗೊಂಬೆಗಳ ಕಣ್ಣುಗಳನ್ನು ಅವಳೇ ಬರೆದವಳು, ಈಗ ಅವುಗಳಿಗೆ ಬೆನ್ನು ಹಾಕಿ ಕೂರಲು ಭಯ. ಸತ್ತವಳ ಬಾಯಲ್ಲಿ ಇಲ್ಲದ ಮಾತು ತುರುಕುತ್ತಿದ್ದೀನಲ್ಲ, ನಾಚಿಕೆ ಆಗಲ್ವಾ ನನಗೆ? ನಡು ಮಧ್ಯಾಹ್ನ, ಮುರಿದ ಮಣಿಕಟ್ಟಿಗೆ ಅಂಟು ಹಚ್ಚುತ್ತಿದ್ದಾಗ ಹಿಂದಿನ ಸಾಲಿನಿಂದ ಸ್ಪಷ್ಟವಾಗಿ ಕೇಳಿಸಿತು:

"ಮ್..."

ತಿರುಗಿದರೆ ಎಲ್ಲವೂ ಇದ್ದ ಹಾಗೇ ನಿಂತಿವೆ. ಅವಳು ಅಂಟಿನ ಡಬ್ಬಿ ಮುಚ್ಚಲೂ ಇಲ್ಲ, ಓಡಿದಳು.

ಮೇಷ್ಟ್ರು ಒಬ್ಬರೇ ತರಗತಿಯಲ್ಲಿ ಉಳಿದು, ಬೆಳಿಗ್ಗೆ ಬರೆದ ಬೋರ್ಡ್ ಒರೆಸುತ್ತಿದ್ದರು.

"ನಾನು ಸುಳ್ಳು ಹೇಳ್ದೆ!" ಏದುಸಿರು ಬಿಡುತ್ತಾ ಅಂದಳು. "ಅವರು ಮಾತಾಡ್ತಿಲ್ಲ. ನಿಂತು ಎಷ್ಟೋ ದಿನ ಆಯ್ತು. ಕೊನೇದಾಗಿ 'ಸಾಕು ಇನ್ನು' ಅಂದ್ರು, ಅದನ್ನ ನಿಮಗೆ ಹೇಳ್ಲಿಲ್ಲ. ಹೇಳಿದ್ರೆ ನೀವು ನನ್ನ ಜೊತೆ ಮಾತು ಬಿಡ್ತೀರಿ ಅಂತ... ಕ್ಷಮಿಸಿ ಅನ್ನೋಕೂ ಮುಖ ಇಲ್ಲ ನನಗೆ."

ಮೇಷ್ಟ್ರ ಕೈ ಬೋರ್ಡಿನ ಮೇಲೇ ನಿಂತಿತು.

"'ಮ್... ಸಾಕು ಇನ್ನು.' ಹಾಗೇನಾ ಅಂದಿದ್ದು?"

"ಹಾಗೇ."

"ನನ್ನ ಪಾಠ ಉದ್ದ ಆದಾಗ ಹಾಗೇ ಅಂತಿದ್ಲು. ಹಾಗಂದವಳೇ ಎದ್ದು ಹೋಗೋಳು." ಅವರ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಅಳುತ್ತಲೇ ತುಟಿಯಲ್ಲಿ ನಗು ಬಂತು. "ಸುಳ್ಳು ಅಂತ ನನಗೆ ಮೊದಲ ದಿನಾನೇ ಗೊತ್ತಾಯ್ತು."

"ಹಾಂ?!"

"ಓಹಾ ಹನ್ನೆರಡನೇ ಪಾಠದ ಪದ. ಅವಳು ಒಂಬತ್ತನೇ ಪಾಠಕ್ಕೇ ಆಸ್ಪತ್ರೆ ಸೇರಿದ್ಲು. ಮುಂದಿಂದು ಅವಳಿಗೆ ಗೊತ್ತೇ ಇಲ್ಲ."

ಗೊಂಬೆಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಮತ್ತೆ... ಗೊತ್ತಿದ್ದೂ ದಿನಾ ಯಾಕೆ ಕೇಳ್ತಿದ್ರಿ?"

"ಕೇಳದೇ ಇದ್ದಿದ್ರೆ ನೀವು ಕ್ಲಾಸ್ ಮುಗಿದ ಮೇಲೆ ನಿಲ್ತಿದ್ರಾ?"

ಅವಳು ಒಂದು ಹೆಜ್ಜೆ ಮುಂದಿಟ್ಟಳು.

"ನನಗೂ ಅದೇ ಭಯ ಇತ್ತು," ಎಂದರು ಮೇಷ್ಟ್ರು. "ಅವಳನ್ನ ಮರೆತಿಲ್ಲ, ಮರೆಯೋದೂ ಇಲ್ಲ. ಆದ್ರೆ ಬೆಳಿಗ್ಗೆ ಎದ್ದ ಕೂಡಲೇ ನೆನಪಾಗೋದು ಆ ದನಿ ಅಲ್ಲ, ನೀವು. ನಿಮ್ಮನ್ನ ನಾನು ಪ್ರೀತಿಸ್ತೀನಿ. ಹೇಳೋಕೆ ಧೈರ್ಯ ಇರಲಿಲ್ಲ ಅಷ್ಟೇ."

"ನಾನೂ..." ಅವಳು ತಲೆ ಎತ್ತಿದಳು. "ನಾನೂ ಪ್ರೀತಿಸ್ತೀನಿ ಮೇಷ್ಟ್ರೇ. ಅವರ ಜಾಗ ನನಗೆ ಬೇಡ. ನನ್ನದೇ ಅಂತ ಒಂದು ಇದ್ರೆ ಸಾಕು."

ಕಿಟಕಿಯಾಚೆ ಯಾರೋ ಕಬ್ಬಿಣ ಇಳಿಸುತ್ತಿದ್ದ ಸದ್ದು. ಮೇಷ್ಟ್ರು ಹತ್ತಿರ ಬಂದು, ಅಂಟು ಮೆತ್ತಿದ ಅವಳ ಬೆರಳುಗಳನ್ನು ಮೆಲ್ಲಗೆ ಹಿಡಿದರು. ಅವರ ಕೈ ಬೆಚ್ಚಗಿತ್ತು.

"ನಾಳೆ ಬರ್ತೀರಾ?"

"ಪಾಠಕ್ಕಾ?"

"ನಾಳೆ ಪಾಠ ಇಲ್ಲ. ರಜೆ."

"ಹಾಗಾದ್ರೆ ಬರ್ತೀನಿ," ಎಂದಳು ಅವಳು.