ದಾಸೋಹದ ಒಲೆ ತಿಂದ ಸೌದೆ

ಆ ಸೋಮವಾರ ಬೆಳಿಗ್ಗೆ ಪಂಚನಹಳ್ಳಿಯಲ್ಲಿ ತೆಂಗಿನ ಗರಿ ಅಲ್ಲಾಡುವಷ್ಟೂ ಗಾಳಿ ಇರಲಿಲ್ಲ. ಗಾಳಿಗೆ ಸೌದೆ ಬೇಗ ಉರಿದುಹೋಯಿತು ಅನ್ನಲು ನನಗೆ ಆ ನೆಪವೂ ಉಳಿಯಲಿಲ್ಲ.

ಹನ್ನೆರಡು ವರ್ಷದಿಂದ ಮಠದ ದಾಸೋಹಕ್ಕೆ ಅಡುಗೆ ಮಾಡುವವಳು ನಾನು. ಆ ತಿಂಗಳು ಅದೇ ಅಡುಗೆಗೆ ಎರಡರಷ್ಟು ಸೌದೆ ಹೋಗುತ್ತಿತ್ತು. ಮಣ್ಣು ಮೆತ್ತಿ ಒಲೆಬಾಯಿ ಕಿರಿದು ಮಾಡಿದೆ, ಹೊಗೆಕೊಳವೆಗೆ ತಗಡು ಅಡ್ಡ ಇಟ್ಟೆ, ದಪ್ಪ ಜಾಲಿ ಸೀಳನ್ನೇ ಹಾಕಿದೆ. ಏನೂ ಪ್ರಯೋಜನ ಆಗಲಿಲ್ಲ. ಉಗ್ರಾಣದ ಜಯದೇವಪ್ಪನವರು, "ಸೌದೆ ನಿನ್ನ ಮನೆ ದಾರಿ ಕಲಿತುಬಿಟ್ಟಿದೆ ಕಣಮ್ಮ" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಕೂತು ನೀವೇ ನೋಡಿ ಜಯದೇವಪ್ಪಾರೇ" ಅಂತ ಒಲೆಗೆ ವಿಭೂತಿ ಇಟ್ಟು, ಬೆಂಕಿ ಹಚ್ಚಿದೆ.

ಇಬ್ಬರೂ ನೋಡಿದೆವು. ಸೀಳುಗಳು ಉರಿದು ಸವೆಯುತ್ತಿರಲಿಲ್ಲ. ಒಲೆಯ ಆ ಕಡೆಯಿಂದ ಯಾರೋ ಎಳೆದುಕೊಂಡ ಹಾಗೆ ಇಡಿಯಾಗಿ ಒಳಗೆ ಜಾರುತ್ತಿದ್ದವು. ಆ ಕಡೆ ಇರುವುದು ಬರೀ ಕಲ್ಲುಗೋಡೆ. ಒಂದೊಂದು ಸೀಳು ಹೋದಾಗಲೂ ಹೊಗೆ ಕುಡಿದ ಹೆಂಗಸಿನ ಸಣ್ಣ ಕೆಮ್ಮು ಕೇಳುತ್ತಿತ್ತು. ಒಲೆಬಾಯಿಂದ ಬಾವಿಯ ತಂಪು ಬರುತ್ತಿತ್ತು.

ಜಯದೇವಪ್ಪನವರು ಹಿಂದಕ್ಕೆ ಸರಿದರು. ನಾನು ಒಲೆಬಾಯಿಗೆ ಬಗ್ಗಿ ಕೇಳಿದೆ, "ಯಾರವ್ವಾ ನೀನು? ದಾಸೋಹದ ಮನೇಲಿ ಕೇಳ್ದೋರ್ಗೆ ಯಾವತ್ತಾದ್ರೂ ಇಲ್ಲ ಅಂದಿದೀವಾ? ಕೇಳ್ದೆ ತಗೊಂಡು ಕಳ್ಳಿ ಅನ್ನೋ ಹೆಸ್ರು ನಂಗ್ಯಾಕೆ ತಂದೆ?"

ಕೆಮ್ಮು ನಿಂತಿತು. ಉರಿಯ ನಡುವಿನಿಂದ ಒಂದು ಸೀಳು ಈಚೆ ಬಂದು ನನ್ನ ಕಾಲ ಬಳಿ ಮಲಗಿತು. ಅದರ ಪಕ್ಕಕ್ಕೆ ಇನ್ನೊಂದು, ಮತ್ತೊಂದು. ಯಾವುದಕ್ಕೂ ಮಸಿ ಹತ್ತಿರಲಿಲ್ಲ.

"ತಪ್ಪಾಯ್ತು ಕಣಮ್ಮ" ಅಂದರು ಜಯದೇವಪ್ಪನವರು, ನೆಲ ನೋಡುತ್ತಾ.

ಕೊನೆಯ ಸೀಳು ನೆಲಕ್ಕೆ ಬರಲಿಲ್ಲ. ತಣ್ಣಗಿದ್ದ ಅದನ್ನು ಒಲೆಯೊಳಗಿಂದ ಯಾರೋ ಸದ್ದಿಲ್ಲದೆ ನನ್ನ ಕೈಗೇ ಕೊಟ್ಟರು.