ಮಾಯಮ್ಮ ಎದ್ದಾಗಲೆಲ್ಲ ತುಂಡಾಗುತ್ತಿದ್ದ ಮಾತು

"ನಮ್ಮವ್ವ ತಪ್ಪು ಮಾಡವ್ಳೆ ಅಂತನಾದ್ರೂ ಹೇಳಿ, ಮಾಡಿಲ್ಲ ಅಂತನಾದ್ರೂ ಹೇಳಿ ಸಾಮ್ಯೋರೆ. ಭಾನುವಾರದೊಳಗೆ ಗೊತ್ತಾಗ್ಬೇಕು."

ಕಟ್ಟೆಮಳಲವಾಡಿಯ ತೇಜಸ್ ಇಷ್ಟು ಹೇಳಿ ಬೆಂಚಿನ ಮೇಲೆ ಕುಸಿದು ಕುಳಿತಾಗ ರೂಪಶ್ರೀ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟಳು. ಹುಣಸೂರು ಬಸ್ ನಿಲ್ದಾಣದ ಹಿಂದಿದ್ದ ಅವಳ ಮೊಬೈಲ್ ರಿಪೇರಿ ಅಂಗಡಿಗೆ ಜನ ಒಡೆದ ಗಾಜು ತರುವುದು ವಾಡಿಕೆ. ಮುರಿದ ಮನೆಗಳನ್ನು ತರಲು ಶುರು ಮಾಡಿದ್ದು ವೀರಭದ್ರಸ್ವಾಮಿಯವರು ಬಂದು ಕೂರತೊಡಗಿದ ಮೇಲೆ. ಮೂವತ್ತೈದು ವರ್ಷ ಟೆಲಿಫೋನ್ ಲೈನ್‌ಮನ್ ಆಗಿ ಕಂಬ ಹತ್ತಿಳಿದ ಆ ಮನುಷ್ಯ ನಿವೃತ್ತರಾದ ಮೇಲೂ ಸುಮ್ಮನಿರಲಿಲ್ಲ. ದಿನಾ ಬೆಳಗ್ಗೆ ಅವಳ ಖರ್ಚಿನಲ್ಲಿ ಎರಡು ಟೀ ಕುಡಿಯುತ್ತಿದ್ದರು, ಅವಳಿಗೆ ಬಗೆಹರಿಯದ ತೊಡಕುಗಳನ್ನು ಬಿಡಿಸುತ್ತಿದ್ದರು. ರೂಪಶ್ರೀಗೆ ಅವರೆಂದರೆ ಪ್ರಾಣ, ಆದರೆ ಅದನ್ನು ಬಾಯಿಬಿಟ್ಟು ಹೇಳುವವಳಲ್ಲ.

"ನಿಧಾನಕ್ಕೆ ಮೊದ್ಲಿಂದ ಹೇಳಪ್ಪ," ಎಂದರು ಸ್ವಾಮಿ.

ತೇಜಸ್‌ನ ಹೆಂಡತಿ ಭಾವನಾ ನರ್ಸ್. ಐರ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ಕೆಲಸ, ಹೋಗಿ ಒಂದೂವರೆ ವರ್ಷ. ಎರಡನೇ ಕ್ಲಾಸಿನ ಮಗಳು ಪುಟ್ಟಿ ಇಲ್ಲಿ ಅಪ್ಪ ಮತ್ತು ಅಜ್ಜಿ ಮಾಯಮ್ಮನ ಜೊತೆ ಇದ್ದಳು. ದಿನಾ ಸಂಜೆ ಏಳಕ್ಕೆ ವಿಡಿಯೋ ಕರೆ. ಅಲ್ಲಿ ಆಗ ಮಧ್ಯಾಹ್ನ, ರಾತ್ರಿ ಪಾಳಿ ಮಾಡಿ ಮಲಗಿದ್ದ ಭಾವನಾ ಎದ್ದು ಮಗಳ ಮುಖ ನೋಡುವ ಹೊತ್ತು. ಒಂದು ತಿಂಗಳಿಂದ ಆ ಕರೆ ಕೆಟ್ಟಿತ್ತು.

"ಅವ್ವ ಎದ್ದು ಹಿತ್ತಲ ಬಾಗ್ಲತ್ರ ಹೋಯ್ತಾಳೆ. ಆ ಬಾಗ್ಲು ಮೇಲೇನೇ ವೈ-ಫೈ ಡಬ್ಬಿ ಇರೋದು. ಅವ್ಳು ಎದ್ದು ಒಂದು ನಿಮ್ಷ ಆಗಿರಕಿಲ್ಲ, ಪುಟ್ಟಿ ಮಾತು ಅಲ್ಲಿಗೆ ಚೂರು ಚೂರಾಗಿ ಹೋಯ್ತದೆ. ಭಾವನಾ ಕಣ್ಣಾರೆ ನೋಡವ್ಳೆ. ಮಗು ನನ್ನ ಮರೀಲಿ ಅಂತ ಅತ್ತೆ ಬೇಕಂತ ಏನೋ ಮಾಡ್ತಾರೆ ಅಂತಾಳೆ. ಭಾನುವಾರ ಪುಟ್ಟೀನ ಕೆ.ಆರ್. ನಗರದ ತನ್ನಕ್ಕನ ಮನೆಗೆ ಬುಡಬೇಕಂತೆ."

"ಅಕ್ಕನ ಮನೆಗೆ ಮಾತಾಡಿದ್ರೆ ಸರಿ ಬರುತ್ತಾ?" ಎಂದರು ಸ್ವಾಮಿ.

"ಕನ್ನಡಿ ಅಂಗೆ. ಭಾವನಾ ಅಲ್ಲಿ ಮಾಡದೆ ಇರೋದೇನಿಲ್ಲ. ಫೋನು ಬದಲಾಯಿಸಿದ್ಲು, ಕಿವಿಗೆ ಹಾಕೋದು ಹೊಸಾದು ತಗೊಂಡ್ಲು, ಆಸ್ಪತ್ರೆ ನೆಟ್ಟಲ್ಲೂ ನೋಡಿದ್ಲು. ನಾನೂ ಇಲ್ಲಿ ಸಿಮ್ಮು, ಡಬ್ಬಿ ಎರಡೂ ಬದಲಾಯಿಸ್ದೆ."

"ಹಂಗಾದ್ರೆ ರೋಗ ನಿಮ್ಮನೇಲೇ ಇದೆ. ಇನ್ನೊಂದು ಹೇಳು. ಕೆಟ್ಟಾಗ ಅವಳ ಮಾತು ನಿಮಗೆ ಹೇಗೆ ಕೇಳುತ್ತೆ?"

ತೇಜಸ್ ಯೋಚಿಸಿದ. "ಚೆನ್ನಾಗೇ ಕೇಳ್ತದೆ. ಅವ್ಳು ಅಳೋದೂ ಕೇಳ್ತದೆ. ನಮ್ದು ಅವ್ಳಿಗೆ ಹೋಗಾಕಿಲ್ಲ, ಅಷ್ಟೆ."

ಸ್ವಾಮಿ ಟೀ ಲೋಟ ಮುಗಿಸದೆಯೇ ಎದ್ದರು. ಅವರು ಟೀ ಬಿಟ್ಟು ಎದ್ದರೆಂದರೆ ಏನೋ ಹೊಳೆದಿದೆ ಎಂದು ರೂಪಶ್ರೀಗೆ ಗೊತ್ತಿತ್ತು. ಅಂಗಡಿಯ ಷಟರ್ ಎಳೆದು ಸ್ಕೂಟರ್ ತೆಗೆದಳು. ಅಂದು ಗುರುವಾರ.

ದಾರಿಯುದ್ದಕ್ಕೂ ಹೊಗೆಸೊಪ್ಪನ್ನು ಒಲೆಯ ಶಾಖದಲ್ಲಿ ಒಣಗಿಸುವ ಬ್ಯಾರನ್‌ಗಳಿಂದ ತೆಳು ಹೊಗೆ ಏಳುತ್ತಿತ್ತು. ತೇಜಸ್‌ನ ಮನೆಯ ನಡುಮನೆಗೆ ಕಾಲಿಟ್ಟೊಡನೆ ರೂಪಶ್ರೀಯ ಕಣ್ಣಿಗೆ ಬಿದ್ದದ್ದು ಗೋಡೆಗೆ ಒರಗಿಸಿದ್ದ ಚಿಟ್ಟೆ ಚಿತ್ರದ ಬ್ಯಾಗು. ಜಿಪ್ ಮುಚ್ಚಲಾಗದಷ್ಟು ಬಟ್ಟೆ ತುಂಬಿತ್ತು.

"ಯಾರು ತುಂಬಿದ್ದು?" ಎಂದು ಕೇಳಿದಳು.

"ನಾನೇ," ಎಂದರು ಮಾಯಮ್ಮ. ಅರವತ್ತರ ಹೆಂಗಸು, ಕೈತುಂಬ ಹೊಗೆಸೊಪ್ಪಿನ ಅಂಟು. "ಮಗಿಗೆ ಯಾವ್ದು ಚಳಿಗೆ ಬೇಕು, ಯಾವ್ದು ಇಸ್ಕೂಲಿಗೆ ಬೇಕು ಅಂತ ಇವ್ನಿಗೇನು ಗೊತ್ತು?"

"ಸೊಸೆ ನಿಮ್ಮ ಮೇಲೆ ಹೀಗಂತಾಳಲ್ಲ, ನೀವು ಅಲ್ಲ ಅನ್ನಲಿಲ್ವಾ?"

ಮಾಯಮ್ಮ ಸೆರಗಿನಿಂದ ಕೈ ಒರೆಸಿಕೊಂಡರು. "ಏನಂತ ಅನ್ಲಿ ಮಗಾ? ಡಬ್ಬಿ ಮುಟ್ಟಿಲ್ಲ ಕಣವ್ವ. ಆದ್ರೆ ನಾನು ಎದ್ದೇಟ್ಗೆ ಕೆಡೋದು ದಿಟ. ನಾನೂ ನೋಡೀವ್ನಿ. ನನ್ ಕಾಲ್ಗುಣನೇ ಅಂಗಿರಬೇಕು."

ದೂರಿದವರನ್ನು ಬೈದುಕೊಳ್ಳಬೇಕಾದ ಹೆಂಗಸು ದೂರನ್ನೇ ನಂಬಿ ಕೂತಿದ್ದರು. ಆದರೂ ರೂಪಶ್ರೀಯ ಅನುಮಾನ ಪೂರ್ತಿ ಹೋಗಲಿಲ್ಲ. ಇಷ್ಟು ಚೆನ್ನಾಗಿ ನಟಿಸುವ ಅತ್ತೆಯರನ್ನು ಅವಳು ಸ್ವಂತ ಮನೆಯಲ್ಲೇ ಕಂಡಿದ್ದಳು.

ಸ್ವಾಮಿ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತಿದ್ದರು. ಅದರಲ್ಲಿ ಎರಡು ಬಗೆಯ ಗುರುತುಗಳಿದ್ದವು. ಪೆನ್ಸಿಲ್ಲಿನ ಅಡ್ಡಗೆರೆಗಳು ಪುಟ್ಟಿಯವು, ಅಮ್ಮನಿಗೆ ತನ್ನ ಮಾತು ಕೇಳಿಸದ ದಿನಗಳಿಗೆ. ಕುಂಕುಮದ ಬೊಟ್ಟುಗಳು ಮಾಯಮ್ಮನವು. ಅವರಿಗೆ ಓದು ಬರಹ ಬಾರದು. ಬ್ಯಾರನ್‌ಗೆ ಸೊಪ್ಪು ತುಂಬಿ ಒಲೆಗೆ ಪೂಜೆ ಮಾಡಿದ ದಿನ, ಅದೇ ಬೆರಳಿನಿಂದ ತಾರೀಖಿನ ಮೇಲೂ ಒಂದು ಬೊಟ್ಟು ಒತ್ತುತ್ತಿದ್ದರು. ಕೊನೆಯ ಬೊಟ್ಟು ಮೊನ್ನೆ ಮಂಗಳವಾರದ್ದು.

ಆಮೇಲೆ ಸ್ವಾಮಿ ಎಲ್ಲರೊಡನೆ ಹಿತ್ತಲಿಗೆ ಹೋದರು. ಬ್ಯಾರನ್‌ನ ಒಲೆಯ ಬಾಯಲ್ಲಿ ಕೆಂಡ ಸಣ್ಣಗೆ ಉಸಿರಾಡುತ್ತಿತ್ತು. ಎದುರಿನ ಕಂಬಕ್ಕೆ ಮುಷ್ಟಿಯಷ್ಟು ಬಿಳಿ ಕ್ಯಾಮೆರಾ ಕಟ್ಟಿತ್ತು, ಅದರ ನೆತ್ತಿಗೂ ಕುಂಕುಮ.

"ಹೋದ ತಿಂಗ್ಳು ನನ್ ಸೊಸೆ ಕಳಿಸ್ಕೊಟ್ಟಿದ್ದು," ಎಂದರು ಮಾಯಮ್ಮ, ಮುಖ ಅಗಲ ಮಾಡಿಕೊಂಡು. "ಹೊತ್ತಲ್ಲದ ಹೊತ್ತಲ್ಲಿ ಎದ್ದು ಬಂದು ನೋಡಬ್ಯಾಡಿ ಅತ್ತೆ, ಮಲಗಿದ್ದಲ್ಲೇ ಫೋನಲ್ಲಿ ನೋಡ್ಕಳಿ ಅಂದ್ಲು. ತೇಜು ಅದ್ನ ಬ್ಯಾರನ್ ಗೋಡೆ ಮೇಲಿರೋ ಶಾಖದ ಮೀಟ್ರಿಗೆ ತಿರುಗ್ಸಿ ಕಟ್ಟಿದ್ದ. ನಂಗೆ ನಂಬ್ರು ಓದಾಕೆ ಬಂದದ? ಒಲೆ ಕಡೀಕೆ ತಿರುಗ್ಸ್ಕಂಡೆ. ಉರಿ ಕಂಡ್ರೆ ನಂಗೆ ಎಲ್ಲಾ ಗೊತ್ತಾಯ್ತದೆ."

ಸ್ವಾಮಿ ಬೆರಳು ಮಡಿಸಿ ಏನೋ ಎಣಿಸಿದರು. "ತೇಜಸ್, ಇವತ್ತು ಕರೆ ಚೆನ್ನಾಗಿರುತ್ತೆ. ನಾಳೆಯಿಂದ ಕೆಡುತ್ತೆ. ಶನಿವಾರ ಏಳಕ್ಕೆ ಬರ್ತೀನಿ, ಎಲ್ಲರೂ ಇರಿ."

"ಪಂಚಾಂಗ ಓದ್ದಂಗೆ ಹೇಳ್ತೀರಲ್ಲ!" ಎಂದು ರೂಪಶ್ರೀ ದಾರಿಯಲ್ಲಿ ಎಷ್ಟು ಕೆಣಕಿದರೂ ಆಸಾಮಿ ಬಾಯಿ ಬಿಡಲಿಲ್ಲ. ಗುರುವಾರದ ಕರೆ ಚೆನ್ನಾಗಿತ್ತು, ಶುಕ್ರವಾರದ್ದು ಕೆಟ್ಟಿತು.

ಶನಿವಾರ ಏಳಕ್ಕೆ ನಡುಮನೆಯಲ್ಲಿ ಎಲ್ಲರೂ ಸೇರಿದರು. ತೇಜಸ್ ಫೋನನ್ನು ಚೊಂಬಿಗೆ ಒರಗಿಸಿಟ್ಟ. ಪರದೆಯಲ್ಲಿ ಭಾವನಾ ಬಂದಳು. ಕಣ್ಣ ಕೆಳಗೆ ಕಪ್ಪು, ಮುಖದಲ್ಲಿ ಬಿಗಿ.

"ಭಾವನಾ, ನಿಮ್ಮತ್ತೆ ಮೇಲೆ ಕಣ್ಣಿಟ್ಟಿರಿ," ಎಂದರು ಸ್ವಾಮಿ. "ಮಾಯಮ್ಮ, ನೀವು ಕೂತಲ್ಲಿಂದ ಏಳಬೇಡಿ. ರೂಪ, ನೀನು ಹೋಗಿ ಒಲೆಗೆ ನಾಲ್ಕು ಸೌದೆ ಹಾಕು."

ರೂಪಶ್ರೀ ಹಿತ್ತಲಿಗೆ ಹೋದಳು. ಗುರುವಾರದ ಕೆಂಡ ಈಗ ಒಲೆಯೊಳಗೆ ನಿಗಿನಿಗಿ ಉರಿಯಾಗಿತ್ತು. ಸೌದೆ ತಳ್ಳಿದೊಡನೆ ಜ್ವಾಲೆ ಒಲೆಯ ಬಾಯಿಂದ ಹೊರಗೆ ನುಗ್ಗಿ ಕುಣಿಯಿತು. ಓಡಿ ಬರುವಷ್ಟರಲ್ಲಿ ಒಳಗೆ ಭಾವನಾ ಕೂಗುತ್ತಿದ್ದಳು. "ಪುಟ್ಟಿ? ಕೇಳ್ತಿಲ್ಲ ಕಂದಾ, ಬರೀ ಚೂರು ಚೂರು..." ಮಾಯಮ್ಮ ಚಾಪೆಯ ಮೇಲೆ ಕಲ್ಲಿನಂತೆ ಕೂತಿದ್ದರು.

"ಈಗ ಕ್ಯಾಮೆರಾದ ವೈರು ಕಿತ್ತು ಬಾ," ಎಂದರು ಸ್ವಾಮಿ. ಅವಳು ಕಿತ್ತು ಬಂದಳು. ಸ್ವಲ್ಪ ಹೊತ್ತಿಗೆ ಮಾತು ತಿಳಿಯಾಯಿತು. "ಮಾಯಮ್ಮ, ಈಗ ಎದ್ದು ಬಾಗಿಲ ಹತ್ರ ಹೋಗಿ. ಬೇಕಾದ್ರೆ ಡಬ್ಬಿ ಕೆಳಗೇ ನಿಂತ್ಕೊಳ್ಳಿ." ಮಾಯಮ್ಮ ಹೆದರಿ ಹೆದರಿ ಹೋಗಿ ನಿಂತರು. ಪುಟ್ಟಿ ಹನ್ನೆರಡರ ಮಗ್ಗಿ ಪೂರ್ತಿ ಒಪ್ಪಿಸಿದಳು, ಒಂದಕ್ಷರವೂ ತಪ್ಪದೆ ಐರ್ಲೆಂಡಿಗೆ ತಲುಪಿತು.

ಸ್ವಾಮಿ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿದರು. "ಯಾರಾದ್ರೂ ಡಬ್ಬಿ ಆರಿಸಿದ್ರೆ ಎರಡೂ ಕಡೆ ಮಾತು ನಿಲ್ಲಬೇಕಿತ್ತು. ಭಾವನಾ, ಇಲ್ಲಿಗೆ ನಿಮ್ಮ ಮಾತು ಚೆನ್ನಾಗಿ ಬರ್ತಿತ್ತು, ಇವರದ್ದಷ್ಟೇ ಹೋಗ್ತಿರಲಿಲ್ಲ. ಸಿಗ್ನಲ್ ಕಮ್ಮಿ ಇರೋ ಊರಲ್ಲಿ ಒಳಗೆ ಬರೋದು ಗಾಡಿದಾರಿಯಾದ್ರೆ ಹೊರಗೆ ಹೋಗೋದು ಕಾಲುದಾರಿ. ಆ ಕಾಲುದಾರಿಲಿ ಏನೋ ಅಡ್ಡ ನಿಲ್ತಿತ್ತು. ಏನು ಅಂತ ಕ್ಯಾಲೆಂಡರ್ ಹೇಳ್ತು. ಕುಂಕುಮ ಇಟ್ಟ ಮೇಲೆ ಎರಡು ದಿನ ಪುಟ್ಟಿ ಗೆರೆ ಹಾಕಿಲ್ಲ. ಆಗ ಎಲೆ ಹಳದಿ ಬರೋ ಹೊತ್ತು, ಸಣ್ಣ ಬೆಂಕಿ. ಮೂರನೇ ದಿನದಿಂದ ಎಲೆ ಒಣಗಿಸೋ ದೊಡ್ಡ ಉರಿ, ದಿನಾ ಗೆರೆ. ಸೊಪ್ಪು ಇಳಿಸಿದ ದಿನ ಮತ್ತೆ ಗೆರೆ ಇಲ್ಲ. ಒಂದು ತಿಂಗಳಿಂದ ಇದೇ ವರಸೆ."

"ಕ್ಯಾಮೆರಾ..." ಎಂದಳು ಭಾವನಾ, ಮೆಲ್ಲಗೆ.

"ಹೌದು ತಾಯಿ. ಏನಾದ್ರೂ ಅಲುಗಾಡಿದ್ರೆ ಕಳ್ಳ ಬಂದ ಅಂತ ವಿಡಿಯೋ ಕಳಿಸೋದು ಅದರ ಕೆಲಸ. ಮೀಟ್ರಿಗೆ ಮುಖ ಮಾಡಿದ್ರೆ ಸುಮ್ಮನೆ ಇರ್ತಿತ್ತು. ನಿಮ್ಮತ್ತೆ ಅದನ್ನ ಉರಿ ಕಡೆ ತಿರುಗಿಸಿದ್ರು. ಅದಕ್ಕೆ ಬೆಂಕಿನೂ ಕಳ್ಳನೇ. ಏಳು ಗಂಟೆ ಅಂದ್ರೆ ಸೌದೆ ಹಾಕೋ ಹೊತ್ತು. ಇವರು ಎದ್ದು ಹೋಗಿ ಹಾಕ್ತಿದ್ರು, ಉರಿ ಏಳ್ತಿತ್ತು, ಅದು ಇದೇ ಡಬ್ಬಿಯ ಕಾಲುದಾರಿ ತುಂಬ ವಿಡಿಯೋ ತುಂಬ್ತಿತ್ತು. ನೀವು ಕಂಡದ್ದು ಸುಳ್ಳಲ್ಲ. ಎದ್ದದ್ದೂ ನಿಜ, ಕೆಟ್ಟದ್ದೂ ನಿಜ. ನಡುವೆ ಇದ್ದ ಬೆಂಕಿ ನಿಮಗೆ ಕಾಣ್ತಿರಲಿಲ್ಲ."

ಭಾವನಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ತಾನು ಅನುಮಾನಿಸಿದ್ದು ನೆನಪಾಗಿ ರೂಪಶ್ರೀಗೂ ನಾಚಿಕೆಯಾಯಿತು.

"ನಾನೇ ಕಳಿಸಿದ್ದು ಅತ್ತೆ," ಎಂದಳು ಭಾವನಾ ಕೊನೆಗೆ. "ನಾನೇ ಕಳಿಸಿ ನಿಮ್ಮನ್ನ ಅಂದ್ಬುಟ್ಟೆ. ಅದನ್ನ ಕಿತ್ತು ಎಸೀರಿ."

"ಎಸೆಯಾಕೆ ನಿಂಗೇನು ತಲೆ ಕೆಟ್ಟದಾ? ಸೊಸೆ ಕೊಟ್ಟಿದ್ದು ಅಂತ ಬೀದಿಗೆಲ್ಲ ತೋರಿಸೀವ್ನಿ!"

"ಎಸೆಯೋದು ಬೇಡ," ಎಂದು ಸ್ವಾಮಿ ನಕ್ಕರು. "ಮೀಟ್ರಿನ ಕಡೆ ತಿರುಗಿಸೋಣ. ಅದಾಗೇ ವಿಡಿಯೋ ಕಳಿಸದ ಹಾಗೆ ರೂಪ ಮಾಡಿಕೊಡ್ತಾಳೆ. ಆದ್ರೆ ನಂಬರು ಓದೋರು ಯಾರು?"

"ನಾನೇ ಇಲ್ಲಿಂದ ಫೋನಲ್ಲಿ ನೋಡಿ ಓದ್ತೀನಿ," ಎಂದಳು ಭಾವನಾ, ಕಣ್ಣೊರೆಸಿಕೊಳ್ಳುತ್ತ. "ನೀವು ಮಲಗೋ ಹೊತ್ತಿಗೆ ನಾನು ಎದ್ದಿರ್ತೀನಿ ಅತ್ತೆ. ಶಾಖ ಇಳಿದ್ರೆ ಫೋನ್ ಮಾಡ್ತೀನಿ, ಆಗ ಎದ್ದು ಸೌದೆ ಹಾಕಿ. ಅಲ್ಲೀವರ್ಗೂ ಮಲಗಿ."

ಮಾಯಮ್ಮ ಬಾಗಿಲ ಬಳಿಯೇ ನಿಂತಿದ್ದರು. ಡಬ್ಬಿಯನ್ನೊಮ್ಮೆ, ತಮ್ಮ ಕಾಲನ್ನೊಮ್ಮೆ ನೋಡಿಕೊಂಡರು. ಹೇಳಬೇಕಾದದ್ದು ಬೇಕಾದಷ್ಟಿತ್ತು, ಹೇಳುವ ಹಕ್ಕೂ ಇತ್ತು. ಅವರು ಬಂದು ಫೋನಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಗೋಡೆಯ ಕಡೆ ಕೈ ತೋರಿಸಿ ಒಂದೇ ಒಂದು ಮಾತು ಕೇಳಿದರು.

"ಅಂಗಾರೆ ಮಗಿನ ಬಟ್ಟೆ ಬ್ಯಾಗಿಂದ ತೆಗ್ದು ಒಳಗಿಡ್ಲಾ, ಭಾವನಾ?"