ತಿದಿಯೊಳಗಿನ ತೇಪೆ

“ಆ ಪೆಟ್ಟಿಗೆಗೆ ಮಾತ್ರ ಸೂಜಿ ಹಾಕ್ಬೇಡ ಡಾರ್ಕಸ್. ಝಿಲ್ಲಾ ಹಾಕಿದ್ಲು. ಆಮೇಲೆ ನಾಲ್ಕು ಬೇಸಿಗೆ ಕಂಡಿದ್ದೇ ಹೆಚ್ಚು.”

ಹೆಪ್ಸಿ ಗೂಸ್‌ಬೆರಿ ಕಾಯಿಗಳ ತೊಟ್ಟು ಚಿವುಟುತ್ತ, ತಲೆ ಎತ್ತದೆ ಹೇಳಿದಳು. ಡಾರ್ಕಸ್ ನಕ್ಕುಬಿಟ್ಟಳು.

“ತನ್ನ ಮೊದಲ ಹೆಂಡ್ತಿ ಸತ್ತಿದ್ದು ಉಬ್ಬಸದಿಂದ ಅಂತ ನಿನ್ನ ತಮ್ಮ ಎನಾಕನೇ ಹೇಳಿದಾನೆ. ಸೂಜಿಯಿಂದ ಸಾಯೋದಾದ್ರೆ ನಾನು ಹನ್ನೆರಡನೇ ವಯಸ್ಸಿಗೇ ಸಾಯ್ಬೇಕಿತ್ತು.”

ಅವಳು ವುಡ್‌ಸ್ಟಾಕ್‌ನಲ್ಲಿ ಮೂವತ್ತು ವರ್ಷ ಕೈಗವಸು ಹೊಲಿದವಳು. ವಿಧುರ ಎನಾಕ್‌ನ ಕೈ ಹಿಡಿದು ಈ ಹಳ್ಳಿಗೆ ಬಂದು ಮೂರು ತಿಂಗಳಾಗಿತ್ತು. ಅವಳನ್ನು ನೋಡಲು ಬಂದ ದಿನ ಅವನು ಮುಖಕ್ಕಿಂತ ಹೆಚ್ಚು ಹೊತ್ತು ಅವಳ ಬೆರಳುಗಳನ್ನೇ ನೋಡಿದ್ದ. ಆಗ ಅದನ್ನು ಪ್ರೀತಿಯೆಂದುಕೊಂಡಿದ್ದಳು.

ಎನಾಕ್ ಊರ ಗಂಡಸರ ಮಾರಿಸ್ ಕುಣಿತಕ್ಕೆ ಕನ್ಸರ್ಟೀನಾ ಎಂಬ, ಎರಡೂ ಕೈಯಿಂದ ಎಳೆದು ಒತ್ತುವ ತಿದಿಪೆಟ್ಟಿಗೆ ನುಡಿಸುವವನು. ಬೇಸಿಗೆಯ ಚರ್ಚಿನ ಹಬ್ಬ ವಿಟ್ಸನ್‌ಗೆ ಎಂಟು ದಿನವಿರುವಾಗ ಅದರ ತಿದಿ ಹರಿದು ಗಾಳಿ ಸೋರತೊಡಗಿತ್ತು.

“ನಿನ್ನ ಮದುವೆ ಗವಸಿನ ತೊಗಲೇ ಹಾಕು,” ಎಂದ ಅವನು.

“ಅದೇ ಯಾಕೆ?”

“ಮೈಗೆ ಹತ್ತಿದ್ದು ಮೆತ್ತಗಿರತ್ತೆ.” ಅವನು ಅವಳ ಕಣ್ಣು ನೋಡಲಿಲ್ಲ.

ಆರು ತಿರುಪು ಬಿಚ್ಚಿ ಪಕ್ಕದ ಹಲಗೆ ಎತ್ತಿದಳು. ಗಪ್ಪನೆ ವಾಸನೆ ಬಡಿಯಿತು. ಹಿತ್ತಾಳೆಯದಲ್ಲ, ಸರೇಸಿನದಲ್ಲ, ಕಿಟಕಿ ತೆರೆಯದ ಕೋಣೆಯಲ್ಲಿ ಬಹುಕಾಲ ಮಲಗಿದ ರೋಗಿಯ ಬಾಯಿಯ ವಾಸನೆ. ಮಡಿಕೆಗಳ ಕತ್ತಲಲ್ಲಿ ಮೂರು ತೇಪೆಗಳಿದ್ದವು. ಕಪ್ಪು, ಕಂದು, ಬೂದು. ಮೂರೂ ಹೆಂಗಸರ ಗವಸಿನ ತೊಗಲು. ಅಷ್ಟು ಅವಳಿಗೆ ತಿಳಿಯದೆ? ಒಂದು ಗಳಿಗೆ ಕೈ ತಡೆಯಿತು. ಆಮೇಲೆ, ತನ್ನ ಹೆದರಿಕೆಗೆ ತಾನೇ ನಾಚಿ, ನಾಲ್ಕನೆಯದನ್ನು ಹೊಲಿದು ಸರೇಸು ಬಳಿದಳು.

ಸಂಜೆ ಎನಾಕ್ ಅಡುಗೆಮನೆಯಲ್ಲೇ ಕುಳಿತು ನುಡಿಸಿದ. ಅವನು ತಿದಿ ಎಳೆದ. ಪಾತ್ರೆ ತೊಳೆಯುತ್ತಿದ್ದ ಅವಳ ಎದೆ ತಾನಾಗಿ ತುಂಬಿತು. ಒತ್ತಿದ, ಬರಿದಾಯಿತು. ಕೊನೆಗೆ ಗಾಳಿ ಬಿಡುವ ಗುಂಡಿ ಅದುಮಿ ಪೆಟ್ಟಿಗೆಯನ್ನು ಒಂದೇ ಸಲಕ್ಕೆ ಮುಚ್ಚಿದ. ಡಾರ್ಕಸ್ ನೆಲಕ್ಕೆ ಕುಸಿದಳು. ಕಣ್ಣಿಗೆ ಕತ್ತಲಿಟ್ಟಿತು. ಎಷ್ಟೋ ಹೊತ್ತಿಗೆ ಉಸಿರು ಮರಳಿತು, ಹೋದಷ್ಟು ಅಲ್ಲ.

ಎನಾಕ್ ಪೆಟ್ಟಿಗೆಯನ್ನು ಸವರುತ್ತಿದ್ದ. “ಈಗ ಹದವಾಯ್ತು.”

ಮರುದಿನ ಹೆಪ್ಸಿ ಪಿಸುಗುಟ್ಟಿದಳು: “ಅಜ್ಜಿ ಶುರು ಮಾಡಿದ್ದು. ಅಜ್ಜ ಇದನ್ನ ಹಿಡ್ಕೊಂಡು ಊರೂರು ತಿರುಗೋನು. ತನ್ನ ಉಸಿರಿಲ್ಲದೆ ಇದು ನುಡೀಬಾರ್ದು ಅಂತ ಮಂತ್ರ ಹಾಕಿ ಹೊಲಿದ್ಲು. ತಾನು ತೊಟ್ಟ ತೊಗಲು, ತನ್ನ ಎಂಜಲಲ್ಲಿ ನೆನೆದ ದಾರ. ಅಜ್ಜಿ ಹೋದ್ಲು, ಮಾಟ ಹೋಗ್ಲಿಲ್ಲ. ಆಮೇಲೆ ಅಮ್ಮ. ಆಮೇಲೆ ಝಿಲ್ಲಾ.”

“ಎನಾಕ್‌ಗೆ ಗೊತ್ತಾ?”

ಹೆಪ್ಸಿ ಎರಡೂ ಕೈಗಳನ್ನು ಏಪ್ರನ್ನಿನ ಕೆಳಗೆ ಬಚ್ಚಿಟ್ಟುಕೊಂಡಳು. “ನನ್ನ ಗವಸನ್ನೂ ಕೇಳಿದ್ದ.”

“ಕಿತ್ತು ಹಾಕಿದ್ರೆ?”

“ಇನ್ನೊಬ್ರ ತೊಗಲು ಹಾಕೋವರೆಗೂ ಅದಕ್ಕೆ ನಿನ್ನ ಉಸಿರೇ.”

ಶನಿವಾರ ಎನಾಕ್ ಕ್ಷೌರಕ್ಕೆ ಹೋದಾಗ ಡಾರ್ಕಸ್ ಅವನ ಚರ್ಚಿನ ಗವಸಿನ ಹೆಬ್ಬೆರಳು ಕತ್ತರಿಸಿದಳು. ಗಾಳಿಯಿಲ್ಲದೆ ಮುಚ್ಚಿದ್ದ ಪೆಟ್ಟಿಗೆಯ ತಿರುಪು ಬಿಚ್ಚಿ, ತನ್ನ ತೇಪೆಯ ಮೇಲೆ ಆ ತುಂಡಿಟ್ಟು ಸೂಜಿ ಎತ್ತಿಕೊಂಡಳು. ದಾರದ ತುದಿಯನ್ನು ತುಟಿಯಲ್ಲಿ ನೆನೆಸಿ ಪೋಣಿಸಿದಳು. ಮೂವತ್ತು ವರ್ಷ ಪಳಗಿದ ಕೈ, ಕ್ಷಣದಲ್ಲಿ ಮುಗಿಯಿತು. ಎದೆ ಹಗುರಾಯಿತು.

ಹಬ್ಬದ ಸೋಮವಾರ ಮಧ್ಯಾಹ್ನ ಹೆಂಡದಂಗಡಿಯ ಮುಂದಿನ ಹುಲ್ಲಿನಲ್ಲಿ ಆರು ಗಂಡಸರು ಕಾಲಿಗೆ ಗೆಜ್ಜೆ ಕಟ್ಟಿ, ಬಿಳಿ ಕರವಸ್ತ್ರ ಬೀಸಿ ಕುಣಿದರು. ಕುಣಿತ ಮುಗಿಯಿತು. ಎನಾಕ್ ಪೆಟ್ಟಿಗೆ ಮುಚ್ಚಿದ. ಅವನ ಮುಖ ನೀಲಿಗಟ್ಟಿತು. ಡಾರ್ಕಸ್‌ಳ ಉಸಿರೂ ಒಂದು ಕ್ಷಣ ಕಟ್ಟಿತು, ಅದನ್ನವಳು ಗೆಲುವಿನ ತಬ್ಬಿಬ್ಬೆಂದುಕೊಂಡಳು. ಸರಕ್ಕನೆ ಮತ್ತೆ ಎಳೆದ. ಮತ್ತೆ ನುಡಿಸಿದ. ನಿಲ್ಲಿಸಲಿಲ್ಲ.

“ಸಾಕು ಮಾರಾಯಾ, ಬಿಯರ್ ಬಿಸಿಲಿಗೆ ಕಾದು ಸೂಪಾಗ್ತಿದೆ!”

“ಹೊಸ ಹೆಂಡ್ತಿ ಎದುರಿಗಿದಾಳಲ್ಲ, ಬಿಡ್ತಾನಾ ಅವನು!”

ಕುಣಿಯುವವರು ಒಬ್ಬೊಬ್ಬರಾಗಿ ಹುಲ್ಲಿನ ಮೇಲೆ ಬಿದ್ದುಕೊಂಡರು. ಗೆಜ್ಜೆ ನಿಂತಿತು. ರಾಗ ನಿಲ್ಲಲಿಲ್ಲ. ಅವನ ಉಸಿರು ಅವನ ಕೈಯಲ್ಲೇ ಇತ್ತು. ಝಿಲ್ಲಾಗೆ ಆ ಭಾಗ್ಯವೂ ಇರಲಿಲ್ಲ.

ಡಾರ್ಕಸ್ ಹತ್ತಿರ ಹೋದಳು. ತಿದಿ ಒತ್ತಿದಾಗ ಮಾತ್ರ ಅವನಿಂದ ಮಾತು ಹೊರಟಿತು.

“ಬಿಚ್ಚು...”

“ಝಿಲ್ಲಾನೂ ಕೇಳಿದ್ಲಾ?”

ಎಳೆದ. ಒತ್ತಿದ. “ಕೇಳಿದ್ಲು.”

ಅವಳು ಬೆನ್ನು ತಿರುಗಿಸಿ ಮನೆಯ ಕಡೆ ಹೊರಟಳು. ಹಿಂದೆ ರಾಗ ನಿಧಾನವಾಗುತ್ತಿತ್ತು. ಅವನ ತೋಳು ಸೋಲುತ್ತಿತ್ತು. ಹತ್ತು ಹೆಜ್ಜೆ. ಹದಿನೈದು. ಅವಳ ಎದೆ ಹಿಂಡಿತು. ನಿಂತಳು. ರಾಗ ಎಳೆಯಿತು, ಎದೆ ತುಂಬಿತು. ರಾಗ ಒತ್ತಿತು, ಬರಿದಾಯಿತು.

ದಾರ.

ತುಟಿಗೆ ಬೆರಳು ಮುಟ್ಟಿಸಿಕೊಂಡಳು. ತೊಗಲು ಅವನದು. ಎಂಜಲು ತನ್ನದು.

ಓಡಿದಳು. ತಿರುಪು ಬಿಚ್ಚುವಂತಿಲ್ಲ, ಬಿಚ್ಚಿದರೆ ಒಳಗಿದ್ದ ಗಾಳಿಯೂ ಹೋಗುತ್ತದೆ. ಅವನ ಎಡಗೈ ಜಾರುತ್ತಿತ್ತು. ತಿದಿ ಮುಚ್ಚಿಕೊಳ್ಳುತ್ತಿತ್ತು. ಅವನ ಮಗ್ಗುಲಲ್ಲಿ ಕುಸಿದು ಕುಳಿತು, ಆ ತುದಿಯ ಪಟ್ಟಿಯೊಳಗೆ ಕೈ ತೂರಿಸಿ ಎಳೆದಳು. ಇಬ್ಬರಿಗೂ ಉಸಿರು ಬಂತು. ಒತ್ತಿದಳು. ಎಳೆದಳು.

“ಆಹಾ, ಜೋಡಿ ನೋಡ್ರೋ!” ಯಾರೋ ಕೂಗಿದರು. ಊರೆಲ್ಲ ಚಪ್ಪಾಳೆ ತಟ್ಟಿತು.

ಜನರ ನಡುವೆ ನಿಂತಿದ್ದ ಹೆಪ್ಸಿಯ ಕೈಗಳು ಮಾತ್ರ ಏಪ್ರನ್ನಿನ ಕೆಳಗೇ ಇದ್ದವು.